ಪುಣ್ಯದ ಲೆಕ್ಕ

ವಾಚನಾಲಯದ ಹುಡುಗರು ಮನೆಗೆ ಬಂದು, "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಏನರ ಬರೀಬೇಕು" ಅಂದಾಗ ನಾನು ನಕ್ಕುಬಿಟ್ಟೆ. ನಾನು ಕಲಿತದ್ದು ಏಳನೇತ್ತೆ. ಹಾಡು ಅಂದ್ರ ಬೆಳಕು ಹರಿಯೋತನಕ ಹಾಡತೀನಿ, ಬರೀ ಅಂದ್ರ ಕೈ ನಡುಗತೈತಿ. ಆದರೆ ಒಂದು ಮಾತು ಎರಡು ವರ್ಷದಿಂದ ಎದ್ಯಾಗ ಕುಂತೈತಿ. ಅದನ್ನ ಪದ ಕಟ್ಟಿ ಹಾಡಬೇಕಂತ ಎಷ್ಟೋ ಸಲ ದಪ್ಪು ಹಿಡಿದು ಕುಂತೆ, ಆಗಲಿಲ್ಲ. ಹಾಡಿನಾಗ ನನ್ನ ತಪ್ಪು ನನಗ ಚಂದ ಕಾಣಾಕ ಹತ್ತತೈತಿ. ಅದಕ್ಕ ಬರೀತೀನಿ. ಅಕ್ಷರ ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ನಮ್ಮದು ಗೀಗೀ ಮೇಳ. ಹರದೇಶಿ-ನಾಗೇಶಿ ವಾದ ಹಾಡಿಕೊಂಡು ಗಡಹಿಂಗ್ಲಜ, ಹುಕ್ಕೇರಿ, ಚಿಕ್ಕೋಡಿ ಕಡಿ ಊರೂರು ತಿರುಗಿದವರು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಎದುರಿನ ಮೇಳದವರು ಸವಾಲು ಹಾಕತಾರ, ನಾವು ಜವಾಬು ಕೊಡಬೇಕು. ಇವತ್ತು ಹರದೇಶಿ ಪರವಾಗಿ ಹಾಡಿದವ ನಾಳಿಗೆ ನಾಗೇಶಿ ಪರವಾಗಿ ಹಾಡಿದರೂ ನಡೀತೈತಿ. ನನ್ನ ಎದ್ಯಾಗ ಕುಂತ ಸವಾಲು ಹಂಗಲ್ಲ. ಅದಕ್ಕ ಒಂದೇ ಜವಾಬು ಬೇಕು. ಆಸರ ಇಲ್ಲದ ಕೂಸಿಗೆ ನೆರಿಹೊರಿಯವ ದಯದಿಂದ ಹಾಕಿದ ಅನ್ನ ದೊಡ್ಡದೋ, ಸರ್ಕಾರ ಕಾಯ್ದೆ ಪ್ರಕಾರ ಕೊಟ್ಟ ರೊಕ್ಕ ದೊಡ್ಡದೋ?

ಮೊದಲು ನಾನು ಕಣ್ಣು ಮುಚ್ಚಿ ದಯಾನ ದೊಡ್ಡದು ಅಂತಿದ್ದೆ.

ನಮ್ಮ ಮೇಳದಾಗ ದಪ್ಪು ಬಾರಿಸೋ ಗೆಳೆಯ ಒಬ್ಬ ಇದ್ದ. ಹೆಸರು ಬರಿಯೂದು ಬ್ಯಾಡ, ಊರಾಗ ಎಲ್ಲಾರಿಗೂ ಗೊತ್ತೈತಿ. ಅವನ ಹೇಣ್ತಿ ಕೂಸು ಸಣ್ಣದಿದ್ದಾಗಲೇ ತವರುಮನಿಯೊಳಗ, ಹುಕ್ಕೇರಿ ತಾಲೂಕಿನಾಗ, ತೀರಿಕೊಂಡಿದ್ದಳು. 2022ರಾಗ ಅವನೂ ಹೋದ. ಕಾಮಾಲಿ ಆಗಿತ್ತು, ಅದರ ಮ್ಯಾಲ ಕುಡಿತ. ಉಳಿದವರು ಇಬ್ಬರು. ಅವನ ತಾಯಿ, ಕಣ್ಣು ಮಂಜಾದ ಮುದುಕಿ. ಮತ್ತು ಹನ್ನೊಂದು ವರ್ಷದ ಮಗ.

ಮಣ್ಣು ಮಾಡಿ ಬಂದ ಮೂರನೇ ದಿನ ನಾನು ಆ ಹುಡುಗನ್ನ ಕೈ ಹಿಡಿದು ನಮ್ಮನಿಗೆ ಕರಕೊಂಡು ಬಂದೆ. "ಇವತ್ತಿನಿಂದ ಇಂವ ನಮ್ಮ ಮನಿ ಮಗ" ಅಂತ ಹತ್ತು ಮಂದಿ ಮುಂದ ಹೇಳಿದೆ. ಹೇಳುವಾಗ ನನ್ನ ಕಣ್ಣಾಗ ನೀರು ಬಂದಿತ್ತು, ಅದು ಸುಳ್ಳಲ್ಲ. ಮುಂದ ಜಾತ್ರಿಯಾಗ ನನಗ ಶಾಲು ಹೊಚ್ಚಿ ಸತ್ಕಾರ ಮಾಡಿದರು. ಮೈಕಿನ್ಯಾಗ ನನ್ನ ದಯಾಗುಣದ ಬಗ್ಗೆ ಎರಡು ಮಾತು ಹೇಳಿದರು. ಕೇಳಾಕ ಚಲೋ ಅನಿಸ್ತು.

ಹುಡುಗ ಮುಂಜಾನಿ ಐದಕ್ಕ ಏಳತಿದ್ದ. ಎಮ್ಮಿಗೆ ನೀರು, ಮೇವು, ಸಗಣಿ ಬಳಿಯೂದು. ಸಾಳಿಗೆ ಹೋಗತಿದ್ದ, ಇಲ್ಲಾ ಅನ್ನಂಗಿಲ್ಲ. ಆದರೆ ಕಬ್ಬಿನ ಹಂಗಾಮು ಬಂತಂದ್ರ ವಾಡಿ ಕಟ್ಟಿ ಹೊರಾಕ ಬೇಕು. ನಟ್ಟ ಕಡಿಯೂದು ಬಂತಂದ್ರ ಬೇಕು. ನಾನು ಹಾಡಿಗೆ ಹೋದ ದಿನ ಎಮ್ಮಿ ನೋಡಾಕ ಯಾರು? ಇಂವನ. ಹಂಗ ತಿಂಗಳಿಗೆ ಹತ್ತು ದಿನ ಸಾಳಿ ತಪ್ಪತಿತ್ತು. ನನಗ ಅದು ಕಾಣಲೇ ಇಲ್ಲ. ಯಾಕಂದ್ರ ನಾನು ಅನ್ನ ಹಾಕತಿದ್ದೆ.

ಒಂದು ದಿನ ನಮ್ಮೂರ ಅಂಗನವಾಡಿ ಬಾಯಾರು ಹೊಲದ ಬದುವಿನ ಮ್ಯಾಲ ಹಾದು ಹೋಗುವಾಗ ನಿಂತು ಕೇಳಿದರು.

"ಕಾಕಾ, ನಿಮ್ಮ ಮೊಮ್ಮಗ ಈಗ ಎಲ್ಲದಾನ?"

"ಎಲ್ಲಿರತಾನ್ರಿ ಬಾಯಾರ, ಸಾಳ್ಯಾಗ ಅದಾನ."

"ಮತ್ತ ಇಂವ?"

ಹುಡುಗ ಅಲ್ಲೇ ನನ್ನ ಬಾಜೂಕ ಕುಡಗೋಲು ಹಿಡಿದು ನಿಂತಿದ್ದ. ಇಬ್ಬರೂ ಒಂದೇ ವಯಸ್ಸಿನವರು. ನನಗ ಸಿಟ್ಟು ನೆತ್ತಿಗೇರಿತು. "ಅಷ್ಟು ಕಳವಳ ಇದ್ದರ ನೀವ ಕರಕೊಂಡು ಹೋಗಿ ಸಾಕ್ರಿ" ಅಂದುಬಿಟ್ಟೆ. ಅವರು ತಿರುಗಿ ಒಂದು ಮಾತು ಆಡಲಿಲ್ಲ, ಹೊಂಟುಹೋದರು. ನಾಲ್ಕು ದಿನ ಬಿಟ್ಟು ಒಂದು ಫಾರ್ಮು ಹಿಡಕೊಂಡು ಮುದುಕಿಯ ಮನಿಗೆ ಬಂದರು. ನನ್ನ ಮನಿಗೆ ಬರಲಿಲ್ಲ.

ಆ ರಾತ್ರಿ ನಿದ್ದಿ ಹತ್ತಲಿಲ್ಲ. ಬಾಯಾರ ಮಾತಿಗಿಂತ ಬ್ಯಾರೆ ಒಂದು ನೆನಪು ಕಾಡತಿತ್ತು. ಏಳನೇತ್ತೆ ಮುಗಿಸಿದ ವರ್ಷ ನಮ್ಮಪ್ಪ ನನ್ನ ಇಚಲಕರಂಜಿಗೆ ಕಳಿಸಿದ್ದ. ಆ ಊರಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಾಗ ಅಂತ ಹೇಳತಾರ. ನಾನು ಹೋದಾಗ ಓಣಿ ಓಣಿಯಾಗ ಮಗ್ಗದ ಖಟಖಟ, ರಾತ್ರಿ ಮಲಗಿದರೂ ಕಿವ್ಯಾಗ ಅದೇ. ನಮ್ಮ ಕಡಿ ಕನ್ನಡ ಮಂದಿ ಅಲ್ಲಿ ಭಾಳ. ನನ್ನ ಕೆಲಸ ಕಂಡಿಕಿ ಸುತ್ತೂದು. ದೂರದ ಸಂಬಂಧದ ಮಾವನೊಬ್ಬ ಮನ್ಯಾಗ ಇಟ್ಟುಕೊಂಡಿದ್ದ. ಎರಡು ಹೊತ್ತು ಊಟ, ವರ್ಷಕ್ಕ ಎರಡು ಅಂಗಿ. ಪಗಾರ ಕೇಳಿದರ "ಅನ್ನ ಹಾಕೀನಿ, ಮತ್ತೇನು ಬೇಕು?" ಅಂತಿದ್ದ. ಕೆಟ್ಟ ಮನುಷ್ಯ ಅಲ್ಲ ಅಂವ. ನನಗ ಜ್ವರ ಬಂದಾಗ ರಾತ್ರಿಯೆಲ್ಲಾ ಕುಂತು ಅರಿವಿ ಹಸಿ ಮಾಡಿ ಹಣಿಮ್ಯಾಲ ಹಾಕಿದ್ದ. ಆದರೂ ಮೂರು ವರ್ಷ ಆದಮ್ಯಾಲ ನಾನು ಹೇಳದ ಕೇಳದ ಓಡಿಬಂದೆ. ಯಾಕ ಓಡಿಬಂದೆ ಅಂತ ನನಗೂ ಆವಾಗ ತಿಳಿದಿರಲಿಲ್ಲ.

ಆ ಮಾವ ಆಡಿದ ಮಾತ ನಾನೂ ಆಡತಿದ್ದೆ. ಅದ ಊಟ, ಅದ ಎರಡು ಅಂಗಿ.

ಮುಂಜಾನಿ ಎದ್ದು ಮೊಮ್ಮಗನ ಹಳಿ ವಹಿ ತಗೊಂಡು ಲೆಕ್ಕ ಹಾಕಿದೆ. ಹುಡುಗ ನಮ್ಮ ಮನಿಗೆ ಬಂದು ಹದಿನಾಲ್ಕು ತಿಂಗಳು. ಆ ಕೆಲಸಕ್ಕ ಒಬ್ಬ ಆಳು ಇಟ್ಟಿದ್ದರ ಅರ್ಧ ದಿನಕ್ಕ ಅಂತ ಹಿಡಿದರೂ ನೂರೈವತ್ತು ರೂಪಾಯಿ ಕೊಡಬೇಕಿತ್ತು. ಒಂದು ಹುಡುಗ ಉಂಡದ್ದು, ಉಟ್ಟದ್ದು ಎಷ್ಟಾದೀತು? ಕೂಡಿಸಿ ಕಳೆದು ನೋಡಿದರ ನಾನು ಅವನಿಗೆ ಏನೂ ಕೊಟ್ಟಿರಲಿಲ್ಲ. ಅಂವ ನನಗ ಕೊಟ್ಟಿದ್ದ. ಶಾಲು ಮಾತ್ರ ನನಗ ಹೊಚ್ಚಿದ್ದರು.

ಹದಿನಾಲ್ಕರ ಒಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಹಚ್ಚಬಾರದು ಅಂತ 2016ರಾಗ ಕಾಯ್ದೆ ಬಿಗಿ ಮಾಡ್ಯಾರ. ಸ್ವಂತ ಮನೆತನದ ಕೆಲಸಕ್ಕ ಸಾಳಿ ಬಿಟ್ಟಮ್ಯಾಲ ಕೈಗೂಡಿಸಬಹುದು, ಅಷ್ಟ ಸವಲತ್ತು. ನಾನೂ ಅದನ್ನ ಹಿಡಕೊಂಡು ಬಾಯಾರ ಮುಂದ ವಾದ ಹಾಕಬಹುದಿತ್ತು: ಇಂವ ನಮ್ಮ ಮನಿ ಮಗ ಅಲ್ಲೇನು? ಆದರೆ ಮನಿ ಮಗ ಆಗಿದ್ದರ ಇಬ್ಬರೂ ಸಾಳ್ಯಾಗ ಇರಬೇಕಿತ್ತು, ಇಲ್ಲಾ ಇಬ್ಬರೂ ಹೊಲದಾಗ ಇರಬೇಕಿತ್ತು.

ಇನ್ನ ಆ ಫಾರ್ಮಿನ ವಿಷಯ. ಮಹಾರಾಷ್ಟ್ರ ಸರ್ಕಾರದ ಬಾಲಸಂಗೋಪನ ಯೋಜನಾ ಅಂತ ಐತಿ, ಈಗ ಅದಕ್ಕ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಅವರ ಹೆಸರು ಇಟ್ಟಾರ. ತಂದಿತಾಯಿ ಇಲ್ಲದ, ಅಥವಾ ಒಬ್ಬರೇ ಇದ್ದು ಸಾಕಲಾರದ, ಅಥವಾ ದೊಡ್ಡ ಬ್ಯಾನಿಯಿಂದ ಹಾಸಿಗಿ ಹಿಡಿದ ಮಂದಿಯ ಮಕ್ಕಳನ್ನ ಅನಾಥಾಶ್ರಮಕ್ಕ ಹಾಕೂದರ ಬದಲು ಕುಟುಂಬದಾಗ ಬೆಳೀಲಿ ಅಂತ ತಿಂಗಳ ತಿಂಗಳ ರೊಕ್ಕ ಕೊಡತಾರ, ಹದಿನೆಂಟು ತುಂಬೂತನಕ. ಮೊದಲು 1100 ಇತ್ತು, 2023ರಿಂದ 2250 ಮಾಡ್ಯಾರ. ದಿನಕ್ಕ ಎಪ್ಪತ್ತೈದು ರೂಪಾಯಿ. ಇದು ದೊಡ್ಡ ರೊಕ್ಕ ಅಲ್ಲ. ಆದರೆ ಮುದುಕಿ ಕೇಳಿ, "ನನ್ನ ಮೊಮ್ಮಗ ನನ್ನ ಹಂತೇಕ ಇರಾಕ ಸರ್ಕಾರ ರೊಕ್ಕ ಕೊಡತೈತೇನು?" ಅಂತ ಮೂರು ಸಲ ಕೇಳಿದಳು.

ಇದನ್ನ ಮಂಜೂರು ಮಾಡೂದು ಬಾಲ ಕಲ್ಯಾಣ ಸಮಿತಿ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಜಿಲ್ಲಾಕ್ಕೊಂದು ಇಂಥ ಸಮಿತಿ ಇರಬೇಕು. ಒಬ್ಬರು ಅಧ್ಯಕ್ಷರು, ನಾಲ್ಕು ಮಂದಿ ಸದಸ್ಯರು, ಅದರಾಗ ಒಬ್ಬರರ ಹೆಣ್ಣುಮಗಳು. ಮ್ಯಾಜಿಸ್ಟ್ರೇಟರಿಗೆ ಇದ್ದಷ್ಟು ಅಧಿಕಾರ ಅವರಿಗೆ. ಎಲ್ಲ್ಯಾರ ದಿಕ್ಕಿಲ್ಲದ ಕೂಸು ಸಿಕ್ಕರ ಇಪ್ಪತ್ತನಾಲ್ಕು ತಾಸಿನ ಒಳಗ ಇವರ ಮುಂದ ತರಬೇಕು.

ಊರಾಗ ಗುಸುಗುಸು ಎದ್ದಿತು. "ಕೊಲ್ಹಾಪುರಕ್ಕ ಕರಕೊಂಡು ಹೋದರ ಹುಡುಗನ್ನ ತಿರುಗಿ ಕೊಡೂದಿಲ್ಲ, ಸಂಸ್ಥೆಗೆ ಹಾಕಿಬಿಡತಾರ." ಕೊಲ್ಹಾಪುರದಾಗ ಬಾಲಕಲ್ಯಾಣ ಸಂಕುಲ ಅಂತ ದೊಡ್ಡ ಸಂಸ್ಥೆ ಐತಿ, ಎಲ್ಲಾರೂ ಹೆಸರು ಕೇಳ್ಯಾರ, ಅದಕ್ಕ ಅಂಜಿಕಿ. ಮುದುಕಿಗೂ ಅದ ಅಂಜಿಕಿ. ನನ್ನ ಸೊಸಿ ಟಿವಿಯಾಗ ಒಂದು ಸಿನೆಮಾ ನೋಡಿದ್ದಳು, ನಾರ್ವೆ ದೇಶದಾಗ ಬಂಗಾಲಿ ಮನೆತನದ ಎರಡು ಕೂಸುಗಳನ್ನ ಸರ್ಕಾರದವರು ಒಯ್ದದ್ದು. 2011ರಾಗ ಖರೇನ ನಡೆದ ಸಂಗತಿ. "ಅಷ್ಟು ಶ್ರೀಮಂತ ದೇಶದಾಗ ಹಂಗ ಮಾಡತಾರ, ಇಲ್ಲಿ ಬಿಡತಾರೇನ್ರಿ ಮಾವಾರ?" ಅಂದಳು. ನಾನೂ ಒಳಗಿನಿಂದ ಅಂಜಿದ್ದೆ. ಆದರೆ ಬಾಯಾರು ಬಿಡಿಸಿ ಹೇಳಿದರು: ಕೂಸನ್ನ ಸಂಸ್ಥೆಗೆ ಹಾಕೂದು ಕಡೀ ಹಾದಿ, ಮನಿ ಐತಿ ಅಂದ್ರ ಮೊದಲು ಮನಿ ನೋಡಬೇಕು ಅಂತ ಕಾಯ್ದೆದಾಗನ ಬರದೈತಿ. ಬಡತನ ಒಂದ ಕಾರಣಕ್ಕ ಕೂಸನ್ನ ಮನಿಯಿಂದ ಬಿಡಿಸಬಾರದಂತ ಈ ರೊಕ್ಕ ಇಟ್ಟದ್ದು.

ಕಾಗದ ಕೂಡಿಸೂದರಾಗ ನಮ್ಮ ಹೆಣ ಬಿತ್ತು. ತಂದಿ ಸತ್ತ ದಾಖಲಾ ಮರಾಠಿ. ತಾಯಿ ಸತ್ತ ದಾಖಲಾ ಕನ್ನಡ, ಯಾಕಂದ್ರ ಆಕಿ ಸತ್ತದ್ದು ಕರ್ನಾಟಕದಾಗ. ಗಡಹಿಂಗ್ಲಜ ಮುಂದ ಹರಿಯೋ ಹಿರಣ್ಯಕೇಶಿ ಹಂಗ ಸಂಕೇಶ್ವರಕ್ಕ ಹೋಗತೈತಿ, ನೀರಿಗೆ ಯಾರೂ ರಹಿವಾಸಿ ದಾಖಲಾ ಕೇಳೂದಿಲ್ಲ. ನಾವು ಹೆಣ್ಣು ಕೊಡೂದು ತರೂದು ಎಲ್ಲಾ ಆ ಕಡಿನ. ಒಂದು ಕಚೇರಿಯೊಳಗ ಕಾರಕೂನ ಆ ಕನ್ನಡ ಕಾಗದ ಹಿಂದ ಮುಂದ ತಿರುವಿ ನೋಡಿ, "ಹೇ ಕಾಯ್ ಆಹೇ?" ಅಂತ ಬದಿಗೆ ಸರಿಸಿದ. ಭಾಷಾಂತರ ಮಾಡಿಸಿ ತರ್ರಿ ಅಂದ. ಅದಕ್ಕ ಮೂರು ಸಲ ಓಡಾಡಿದೆವು. ಮುದುಕಿಯ ಆಧಾರದಾಗ ಹೆಸರು ಒಂದು, ರೇಶನ್ ಕಾರ್ಡಿನಾಗ ಇನ್ನೊಂದು. ಇದಕ್ಕೆಲ್ಲಾ ನನ್ನ ಏಳನೇತ್ತೆ ಉಪಯೋಗಕ್ಕ ಬಂತು ನೋಡ್ರಿ. ಎರಡೂ ಭಾಷೆ ಓದಾಕ ಬರತೈತಿ ಅಂತ ಮೊದಲ ಸಲ ದೇವರಿಗೆ ಕೈ ಮುಗಿದೆ.

ಇಲ್ಲೇ ಇನ್ನೊಂದು ಮಾತು. ಕೊರೋನಾದಾಗ ತಂದಿತಾಯಿ ಇಬ್ಬರನ್ನೂ ಕಳಕೊಂಡ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರ ಐದು ಲಕ್ಷ ಠೇವು ಇಟ್ಟಿತು. ಕರ್ನಾಟಕದಾಗ ಬಾಲ ಸೇವಾ ಅಂತ ತಿಂಗಳಿಗೆ 3500 ಮಾಡಿದರು. ದೆಹಲಿ ಸರ್ಕಾರ ಇಪ್ಪತ್ತಮೂರು ವರ್ಷ ತುಂಬಿದಾಗ ಹತ್ತು ಲಕ್ಷ ಸಿಗುವಂಗ ಮಾಡಿತು. ಚಲೋ ಆತು, ಬ್ಯಾಡ ಅನ್ನೂದಿಲ್ಲ. ಆದರೆ ತಂದಿ ಯಾವ ಬ್ಯಾನಿಯಿಂದ ಸತ್ತ ಅನ್ನೂದರ ಮ್ಯಾಲ ಮಗನ ಹಸಿವು ಹೆಚ್ಚು ಕಡಿಮಿ ಆಗತೈತೇನು? ಕಾಮಾಲಿಯಿಂದ ಸತ್ತವನ ಮಗ ಅರ್ಧ ಅನಾಥ ಏನು? ಈ ಪ್ರಶ್ನಕ್ಕ ನನಗ ಯಾವ ಕಚೇರಿಯಾಗೂ ಜವಾಬು ಸಿಕ್ಕಿಲ್ಲ.

ಸಮಿತಿ ಮುಂದ ಹೋದ ದಿನ. ಮುಂಜಾನಿ ಎಸ್‌ಟಿ ಹತ್ತಿ ನಾಲ್ಕು ಮಂದಿ ಹೋದೆವು: ಮುದುಕಿ, ಹುಡುಗ, ಬಾಯಾರು, ನಾನು. ನಾನು ಮಡಿ ಧೋತ್ರ ಉಟ್ಟು, ಟೊಪ್ಪಿಗಿ ಹಾಕಿ, ಏನೇನು ಹೇಳಬೇಕು ಅಂತ ಹಾದಿ ತುಂಬ ಪಾಠ ಮಾಡಿಕೊಂಡಿದ್ದೆ. ಈ ಹುಡುಗನಿಗೆ ನಾನು ಹೆಂಗ ಆಸರ ಆದೆ ಅಂತ. ಅಲ್ಲಿ ಹೋದರ ಅವರು ನನ್ನ ಕೇಳಲೇ ಇಲ್ಲ. ಹುಡುಗನ್ನ ಕೇಳಿದರು. ಒಬ್ಬ ಅಕ್ಕಾರು ಕುರ್ಚಿ ಹತ್ತಿರ ಎಳಕೊಂಡು ಅವನ ಎದುರಿಗೆ ಕುಂತು, ಮರಾಠಿಯೊಳಗ, ಮೆಲ್ಲಕ, "ನಿನಗ ಎಲ್ಲಿ ಇರಬೇಕು ಅನಿಸತೈತಿ?" ಅಂದರು.

ಹುಡುಗ ನನ್ನ ಮಾರಿ ನೋಡಿದ. ಆಮ್ಯಾಲ ನೆಲ ನೋಡಿಕೊಂಡು ಹೇಳಿದ: "ಕಾಕಾನ ಮನ್ಯಾಗ ಊಟ ಚಲೋ ಇರತೈತಿ. ಅಜ್ಜಿ ಮನ್ಯಾಗ ನಿದ್ದಿ ಬರತೈತಿ."

ಹದಿನಾಲ್ಕು ತಿಂಗಳು ನಾನು ಅವನ್ನ ಒಂದ ಒಂದು ಸಲನೂ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿದ್ದಿಲ್ಲ. ಪದ ಕಟ್ಟುವ ಮನುಷ್ಯ ನಾನು, ತಬ್ಬಲಿ ಕೂಸಿನ ಮ್ಯಾಲ ಹಾಡಿ ಹೆಣ್ಣುಮಕ್ಕಳನ್ನ ಅಳಿಸಿದವ. ಕೇಳಿದ್ದು ಸರ್ಕಾರ. ಅದೂ ಆ ಅಕ್ಕಾರ ಪ್ರೀತಿಯಿಂದ ಕೇಳಿದರಂತ ನಾನು ಹೇಳೂದಿಲ್ಲ. ಕೂಸಿನ ಮಾತು ಕೇಳಬೇಕು ಅಂತ ಅವರ ಪುಸ್ತಕದಾಗ ಬರದೈತಿ, ಕೇಳಿದರು. ಆ ದಿನ ಅವರಿಗೆ ತಲಿನೋವು ಇದ್ದಿದ್ದರೂ ಕೇಳಬೇಕಾಗತಿತ್ತು.

ದಯಾಕ್ಕ ಅಂಥ ಪುಸ್ತಕ ಇಲ್ಲ. ನನಗ ಮನಸ್ಸು ಇದ್ದಾಗ ದಯ, ಸಿಟ್ಟು ಬಂದಾಗ "ಅನ್ನ ಹಾಕೀನಿ". ನಾನು ಕೊಟ್ಟದ್ದಕ್ಕ ಹುಡುಗ ಪ್ರತಿದಿನ ಕೃತಜ್ಞ ಇರಬೇಕು, ತಲಿ ತಗ್ಗಿಸಿ ನಡೀಬೇಕು, ತಾಟು ತೊಳೀಬೇಕು. ಸರ್ಕಾರಕ್ಕ ಒಂದು ಸಹಿ ಸಾಕು.

ಇದು ಇವತ್ತಿನ ಮಾತಲ್ಲ. ನಮ್ಮ ಶಾಹೂ ಮಹಾರಾಜರು 1917ರಾಗ ಕೊಲ್ಹಾಪುರ ಸಂಸ್ಥಾನದಾಗ ಪ್ರಾಥಮಿಕ ಸಾಳಿ ಫುಕಟ ಮಾಡಿ, ಕಡ್ಡಾಯ ಮಾಡಿದರು. ಮಕ್ಕಳನ್ನ ಕಳಿಸದ ತಂದಿತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಆ ಕಾಲದ ಒಂದು ರೂಪಾಯಿ! ನಮ್ಮ ಮುತ್ತ್ಯಾ ಆ ದಂಡದ ಬಗ್ಗೆ ಬೈಕೊಂತಿದ್ದ ಅಂತ ಅಪ್ಪ ಹೇಳತಿದ್ದ. "ನನ್ನ ಮಗ, ನನ್ನ ಹೊಲ, ರಾಜಾಗೇನು?" ಅಂತ. ಅದ ರಾಜ 1901ರಿಂದ ಶುರು ಮಾಡಿ ಜಾತಿ ಜಾತಿಯ ಬಡ ಹುಡುಗರಿಗೆ ಕೊಲ್ಹಾಪುರದಾಗ ಬೋರ್ಡಿಂಗುಗಳನ್ನ ತೆರೆಸಿದ. ಮರಾಠಾ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಅಂತ ದೂರ ಇಟ್ಟವರ ಮಕ್ಕಳಿಗೂ. ಮನಿಯವರ ಪ್ರೀತಿ ಒಂದ ಸಾಕಿದ್ದರ ರಾಜ ದಂಡ ಹಾಕೂ ಕೆಲಸ ಇರಲಿಲ್ಲ. ಮುತ್ತ್ಯಾಗೂ ಮಗನ ಮ್ಯಾಲ ಪ್ರೀತಿ ಇರಲಿಲ್ಲ ಅಂತಲ್ಲ, ಇತ್ತು. ಪ್ರೀತಿ ಇದ್ದೂ ಸಾಳಿ ಬಿಡಿಸತಿದ್ದ.

ನಮ್ಮ ಭಾಗದ ಜೋಗತಿಯರ ಮಕ್ಕಳ ಕಥಿ ಇನ್ನೂ ಬ್ಯಾರೆ. ಯಲ್ಲಮ್ಮನ ಹೆಸರಿನ್ಯಾಗ ಬಿಟ್ಟ ಹೆಣ್ಣುಮಕ್ಕಳ ಹೊಟ್ಟಿಲೆ ಹುಟ್ಟಿದ ಕೂಸಿಗೆ ಸಾಳ್ಯಾಗ "ಅಪ್ಪನ ಹೆಸರು?" ಅಂತ ಕೇಳಿದಾಗ ಅದರ ಮಾರಿ ಹೆಂಗಾಗತಿತ್ತು ಅಂತ ನನ್ನ ವಾರಿಗಿಯವರಿಗೆ ಗೊತ್ತು. ನನ್ನ ಬಾಜೂಕ ಕೂಡತಿದ್ದ ಒಬ್ಬ ಆ ಪ್ರಶ್ನಕ್ಕ ಅಂಜಿ ಸಾಳಿ ಬಿಟ್ಟ. ಊರಿಗೆ ಅವನ ಮ್ಯಾಲ ಮರುಕ ಇತ್ತು, ಹಬ್ಬಕ್ಕ ಹೋಳಿಗಿ ಕೊಡತಿದ್ದರು. ಹೆಸರಿನ ಸಲುವಾಗಿ ಯಾರೂ ಏನೂ ಮಾಡಲಿಲ್ಲ. 2024ರ ಮೇ ಒಂದನೇ ತಾರೀಖಿನಿಂದ ಹುಟ್ಟಿದ ಕೂಸುಗಳ ಸರ್ಕಾರಿ ಕಾಗದದಾಗ ತಾಯಿಯ ಹೆಸರು ಬರೀಲೇಬೇಕು ಅಂತ ಮಹಾರಾಷ್ಟ್ರ ಸರ್ಕಾರ ಠರಾವು ಮಾಡೈತಿ. ಪೇಪರಿನಾಗ ಓದಿದಾಗ ನನಗ ಅವನ ನೆನಪಾತು. ಹೋಳಿಗಿಯಿಂದ ಆಗದ ಕೆಲಸ.

ಹಂಗಂತ ನಾನು ಸರ್ಕಾರದ ಭಾಟ ಆಗಿಲ್ಲ. ಮಂಜೂರಾತಿ ಸಿಕ್ಕು ಒಂಬತ್ತು ತಿಂಗಳು ಮುದುಕಿಯ ಖಾತೆಗೆ ಒಂದು ಪೈಸೆ ಬರಲಿಲ್ಲ. ಆ ಒಂಬತ್ತು ತಿಂಗಳು ಆ ಮನಿ ನಡದದ್ದು ಓಣಿಯವರ ಜೋಳದ ಮ್ಯಾಲ. ಆಮ್ಯಾಲ ಒಮ್ಮಿಗಲೇ ಬಂದು ಬಿತ್ತು. ಹಸಿವು ಒಂಬತ್ತು ತಿಂಗಳಿಗೆ ಒಮ್ಮಿ ಬರತೈತೇನು? ಹುಡುಗ ಒಮ್ಮಿ ರಾತ್ರಿ ಜ್ವರದಾಗ ಬಡಬಡಿಸಿದಾಗ ಮುದುಕಿ ಓಡಿ ಬಂದು ಬಾಗಿಲಾ ಬಡದದ್ದು ನಮ್ಮ ಮನೀದು, 1098ಕ್ಕ ಫೋನ್ ಮಾಡಲಿಲ್ಲ. ಆ ನಂಬರು ಚಲೋದು, 1996ರಿಂದ ಐತಿ, ಯಾವ ಕೂಸಿಗೆ ಕಷ್ಟ ಬಂದರೂ ಯಾರರ ಹಚ್ಚಬಹುದು, ದುಡ್ಡು ಬೀಳೂದಿಲ್ಲ. ಇದನ್ನ ಓದಿದವರು ಬರಕೊಳ್ಳ್ರಿ. ಆದರೆ ನಡುರಾತ್ರಿ ಬೈಕಿನ ಮ್ಯಾಲ ಗಡಹಿಂಗ್ಲಜ ದವಾಖಾನಿಗೆ ಒಯ್ಯಾಕ ಮನುಷ್ಯಾನ ಬೇಕು. ನನ್ನ ಮಗ ಒಯ್ದ.

ಅಂದ್ರ ದಯ ಬ್ಯಾಡ ಅಂತಲ್ಲ. ದಯಕ್ಕ ಒಂದು ಒರಸಣಿಕಿ ಬೇಕು, ಅಕ್ಕಸಾಲಿ ಬಂಗಾರ ತಿಕ್ಕಿ ನೋಡೂ ಕಲ್ಲಿನಂಗ. ಊರಿಗೊಂದು ಗ್ರಾಮ ಬಾಲ ಸಂರಕ್ಷಣ ಸಮಿತಿ ಇರಬೇಕು, ಸರಪಂಚರು ಅದರ ಅಧ್ಯಕ್ಷರು. ನಮ್ಮ ಊರಾಗ ಅದು ಬರೀ ವಹಿಯೊಳಗಿತ್ತು. ಆ ವಹಿ ತೆಗೆದು ಸಭಾ ಕರೀರಿ ಅಂತ ಗ್ರಾಮಸಭಾದಾಗ ನಾನ ಎದ್ದು ನಿಂತು ಹೇಳಿದೆ. "ಏನು ಕಾಕಾ, ನಿಮಗ ಯಾಕ ಈ ಉಸಾಬರಿ?" ಅಂತ ಒಬ್ಬ ನಕ್ಕ. ಕಬ್ಬು ಕಡಿಯಾಕ ಬೀಡ ಕಡಿಯಿಂದ ಬಂದ ಟೋಳಿಗಳ ಮಕ್ಕಳು ಆ ವ್ಯಾಳ್ಯಾಕ್ಕ ನಮ್ಮ ಹೊಲದ ಅಂಚಿಗೇ ಗುಡಿಸಲದಾಗ ಇದ್ದವು, ಬಂಡಿ ನೆರಳಿನಾಗ ತಮ್ಮನ್ನ ತೂಗಕೋತ ಕುಂತ ಆರು ವರ್ಷದ ಹುಡುಗಿ. ಅವು ಯಾವ ಊರ ಸಮಿತಿಯ ಲೆಕ್ಕದಾಗ ಬರತಾವ? ಅವರ ಊರಾಗ ಅವರಿಲ್ಲ, ನಮ್ಮ ಊರಾಗ ಅವರ ಹೆಸರಿಲ್ಲ. ಬಾಯಾರು ಆ ಹುಡುಗಿಗೂ ತಮ್ಮಗೂ ಅಂಗನವಾಡಿಯಾಗ ಊಟ ಕೊಡಾಕ ಶುರು ಮಾಡ್ಯಾರ. ಅಷ್ಟಾತು.

ಹುಡುಗ ಈಗ ಒಂಬತ್ತನೇತ್ತೆ. ಅಜ್ಜಿ ಮನ್ಯಾಗ ಮಲಗತಾನ, ಹಬ್ಬ ಹುಣ್ಣಿವಿಗೆ ನಮ್ಮಲ್ಲಿ ಉಣ್ಣಾಕ ಬರತಾನ. ಮೊದಲ ಮೊದಲು ಬಂದಾಗ ಉಂಡ ಕೂಡಲೇ ತಾಟು ಎತ್ತಿಕೊಂಡು ಏಳತಿದ್ದ, ರೂಢಿ. ಈಗ ನಮ್ಮ ಮೊಮ್ಮಗನಂಗ ಅಲ್ಲೇ ಬಿಟ್ಟು ಓಡತಾನ, ಸೊಸಿ ಇಬ್ಬರಿಗೂ ಕೂಡೇ ಬೈತಾಳ. ಅವನ ಅಪ್ಪನ ದಪ್ಪು ನನ್ನ ಹಂತೇಕ ಇತ್ತು, ಮೇಳದ್ದು ಅಂತ ನಾನ ಇಟ್ಟುಕೊಂಡಿದ್ದೆ. ಹ್ವಾದ ತಿಂಗಳು ಒಯ್ದು ಕೊಟ್ಟೆ. ಅಂವ ಬಾರಿಸತಾನೋ ಇಲ್ಲೋ, ಕೇಳಿಲ್ಲ.

ಈ ವರ್ಷದ ಕಾಗದ ಮತ್ತ ಕೊಡಬೇಕು. ಮುದುಕಿಗೆ ಎಂಟ್ಹತ್ತು ಹೆಜ್ಜಿ ನಡದರ ದಮ್ಮು ಹತ್ತತೈತಿ. ಹದಿನೆಂಟು ತುಂಬಿದ ದಿನ ರೊಕ್ಕ ನಿಲ್ಲತೈತಿ. ಸಂಸ್ಥೆಯೊಳಗ ಬೆಳೆದು ಹೊರಬಿದ್ದ ಹುಡುಗರಿಗೆ ಇಪ್ಪತ್ತೊಂದರ ತನಕ ಏನರ ಆಸರ ಮಾಡಾಕ ಕಾಯ್ದೆದಾಗ ದಾರಿ ಐತಿ. ಮನ್ಯಾಗ ಬೆಳೆದವನಿಗೆ ಏನೈತಿ ಅಂತ ಬಾಯಾರನ್ನ ಕೇಳೀನಿ, ಕೇಳಿ ಹೇಳತೀನಿ ಕಾಕಾ ಅಂದಾರ. ಸೋಮವಾರ ಗಡಹಿಂಗ್ಲಜಕ್ಕ ಹೋಗೂದೈತಿ. ಈ ಸಲ ಫಾರ್ಮು ತುಂಬಿದವ ಹುಡುಗನ, ನಾನು ಬರೇ ಬಾಜೂಕ ಕುಂತಿದ್ದೆ. ಪಾಲಕರ ಹೆಸರು ಅನ್ನೋ ಜಾಗಾದಾಗ ಅಜ್ಜಿಯ ಹೆಸರು ಬರದಾನ.